ನಲವತ್ತೊಂದನೇ ಗೂಟಕ್ಕೆ ಹಸಿರು ಟಿಕ್ ಕೊಟ್ಟ ಯಂತ್ರದವರಿಗೆ

ಮಾನ್ಯರೇ,

ಮಾಚೇನಹಳ್ಳಿಯ ನಮ್ಮ ಫೌಂಡ್ರಿಯ ಮೂರನೇ ಶೆಡ್ಡಿನಲ್ಲಿ ಸುತ್ತ ಗಾಜು ಕಟ್ಟಿಸಿಕೊಂಡು, ಒಳಗೆ ಏಸಿ ಹಾಕಿಸಿಕೊಂಡು, ಒಂಟಿ ಕಣ್ಣಿನಲ್ಲೇ ಇಡೀ ಕಾರ್ಖಾನೆಯನ್ನು ಕಾಯುತ್ತಿರುವ ಸ್ಮಾರ್ಟ್ ತಪಾಸಣಾ ಯಂತ್ರದವರಾದ ತಮ್ಮ ಸನ್ನಿಧಾನಕ್ಕೆ, ಭದ್ರಾವತಿ ಹೊಸಮನೆಯ ಕರಿಯಣ್ಣ, ವಯಸ್ಸು ಅರವತ್ತೊಂಬತ್ತು, ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಮರಳಿನ ಅಚ್ಚಿಗೆ ಕೈ ಹಾಕಿದವನು, ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ನೆತ್ತಿಯ ಮೇಲಿನ ಹಸಿರು ದೀಪ ನೋಡಿ ತಾವು ಕ್ಷೇಮವೆಂದು ತಿಳಿಯಿತು. ಇತ್ತ ನಾವು ಕ್ಷೇಮವಾಗಿಲ್ಲ. ಅದನ್ನು ಖುದ್ದಾಗಿ ಬಂದು ಅರಿಕೆ ಮಾಡೋಣವೆಂದರೆ, ಐವತ್ತು ವರ್ಷ ಮರಳು ತಿಕ್ಕಿ ನನ್ನ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿ, ತಮ್ಮ ಬಾಗಿಲಿನ ಬೆರಳಚ್ಚಿನ ಡಬ್ಬಿ ನನ್ನನ್ನು ಮನುಷ್ಯನೆಂದೇ ಒಪ್ಪುವುದಿಲ್ಲ. ಆದಕಾರಣ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಓದುವ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮಗೂ ಸಮುದ್ರಕ್ಕೂ ನಡುವೆ ಘಟ್ಟ ಅಡ್ಡ ನಿಂತಿದ್ದರೂ ಹಡಗಿಗೆ ಬೇಕಾದ ಒಂದು ಸಾಮಾನು ನಮ್ಮಲ್ಲಿ ಎರಕವಾಗುತ್ತದೆ. ಹಡಗಿನ ಮೇಲ್ಭಾಗದಲ್ಲಿ ನಿಲ್ಲಿಸಿ ತೋಳುಗಾತ್ರದ ಹಗ್ಗ ಸುತ್ತಿ ಕಟ್ಟುವ, ಸೊಂಟದೆತ್ತರದ ಉಕ್ಕಿನ ಗೂಟ. ಅದಕ್ಕೆ ಇಂಗ್ಲಿಷಿನಲ್ಲಿ ಬೊಲ್ಲಾರ್ಡ್ ಅನ್ನುತ್ತಾರಂತೆ, ಅನ್ನಲಿ. ಎರಕ ಆರಿದ ಮೇಲೆ ಗೂಟವನ್ನು ಸರಪಳಿಯಲ್ಲಿ ನೇತುಹಾಕಿ, ಎರಡು ಸೇರಿನ ಸುತ್ತಿಗೆಯಿಂದ ಮೂರು ಕಡೆ ಬಡಿದು ಕಿವಿಗೊಟ್ಟು ಕೇಳುವುದು ನನ್ನ ಕೆಲಸವಾಗಿತ್ತು. ಒಳ್ಳೆಯ ಎರಕ ಕೋಟೆ ಆಂಜನೇಯನ ಗುಡಿಯ ಗಂಟೆಯ ಹಾಗೆ ಹಾಡುತ್ತದೆ, ಎಲ್ಲಾದರೂ ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ಬೊದ್ದೆನ್ನುತ್ತದೆ. ಒಂದೊಂದಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು, ನಡುವೆ ಒಂದು ಬೀಡಿಯೂ ಆಗುತ್ತಿತ್ತು. ತಾವು ಬೀಡಿ ಸೇದದವರು, ಹನ್ನೊಂದು ಸೆಕೆಂಡಿಗೆ ನೂರಾರು ಫೋಟೋ ತೆಗೆದು ಹಸಿರು ಟಿಕ್ ಕೊಡುವವರು. ಹೀಗಾಗಿ ಶ್ರಾವಣದಲ್ಲಿ ತಾವು ದಯಮಾಡಿಸಿದ ದಿನವೇ ನನ್ನ ಸುತ್ತಿಗೆಯನ್ನು ತೊಳೆದು, ಬಣ್ಣ ಬಳಿದು, ಆಫೀಸಿನ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ‘ಹಿಂದಿನ ಪದ್ಧತಿ’ ಎಂಬ ಚೀಟಿಯೊಂದಿಗೆ ಮಲಗಿಸಿದರು. ನನ್ನನ್ನು ಮಲಗಿಸುವಷ್ಟು ದೊಡ್ಡ ಪೆಟ್ಟಿಗೆ ಸಿಗಲಿಲ್ಲವೆಂದು ಕಾಣುತ್ತದೆ, ಅಚ್ಚಿನ ಮರಳು ಜರಡಿ ಹಿಡಿಯಲು ಹಚ್ಚಿದರು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಆಯುಧಪೂಜೆಯ ದಿನ ಲೇತು, ಕ್ರೇನು, ಕುಲುಮೆಗಳಿಗೆಲ್ಲ ಬೊಟ್ಟಿಟ್ಟ ಮೇಲೆ, ಹೊಸಬರೆಂದು ತಮ್ಮನ್ನು ಬಿಡುವುದು ಹೇಗೆಂದು, ಪೂಜೆಗಾಗಿ ತೆರೆದಿಟ್ಟಿದ್ದ ತಮ್ಮ ಬಾಗಿಲಿನಿಂದ ಒಳಬಂದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನಾನೇ ಇದೇ ಸವೆದ ಹೆಬ್ಬೆಟ್ಟಿನಿಂದ ತಮ್ಮ ಹಣೆಗೆ ಇಟ್ಟೆ. ಅದು ಹಣೆಯಲ್ಲ, ಕಣ್ಣೇ ಅದು ಎಂದು ನಾಲ್ಕನೇ ಕ್ಲಾಸಿನವನಿಗೆ ಗೊತ್ತಾಗಲಿಲ್ಲ. ಹಬ್ಬ ಮುಗಿದು ಕಾರ್ಖಾನೆ ತೆರೆದರೆ ತಾವು ಬಂದ ಗೂಟಕ್ಕೆಲ್ಲ ಕೆಂಪು ಗುರುತು ಹಾಕತೊಡಗಿದಿರಿ, ಮೂರು ದಿನ ಲಾರಿಗಳು ಗೇಟಿನಲ್ಲೇ ನಿಂತವು. ಆಗಲಾದರೂ ಒಬ್ಬ ಪುಣ್ಯಾತ್ಮ ಬಂದು ತಮ್ಮ ಕಣ್ಣನ್ನೊಮ್ಮೆ ಒರೆಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ತಮ್ಮನ್ನು ಹೆತ್ತ ಕಂಪನಿಯವರು ದೂರದಲ್ಲಿ ಕುಳಿತು, ಎಲ್ಲಾ ಫೋಟೋದಲ್ಲೂ ಒಂದೇ ಕಡೆ ಕಾಣುವ ಆ ಕೆಂಪು ಮಸುಕನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಕಂಪ್ಯೂಟರಿನಲ್ಲೇ ಪಾಠ ಹೇಳಿಕೊಟ್ಟರು. ತಾವು ವಿಧೇಯ ವಿದ್ಯಾರ್ಥಿ. ಅಂದಿನಿಂದ ಮಸುಕನ್ನೂ ನೋಡಲಿಲ್ಲ, ಮಸುಕಿನ ಹಿಂದೆ ಇದ್ದದ್ದನ್ನೂ ನೋಡಲಿಲ್ಲ. ಎಲ್ಲವೂ ಹಸಿರಾಯಿತು, ಮ್ಯಾನೇಜರ್ ಹಾಲೇಶ್ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಾನೂ ಎರಡು ತಿಂದೆ.

ನಲವತ್ತೊಂದನೇ ಗೂಟ ಲಾರಿ ಹತ್ತುವ ಬೆಳಿಗ್ಗೆ, ಚಟ ಬಿಡದೆ, ಕೈಯಲ್ಲಿದ್ದ ಸ್ಪ್ಯಾನರಿನಿಂದ ಅದರ ಕುತ್ತಿಗೆಗೆ ಒಂದೇಟು ಕೊಟ್ಟೆ. ಬೊದ್ದೆಂದಿತು. ಇನ್ನೊಂದು ಕೊಟ್ಟೆ, ಮತ್ತೂ ಬೊದ್ದು. ಇಳಿಸಿ ಅಂದರೆ ಹಾಲೇಶ್ ನಗುತ್ತಾ, ಯಂತ್ರಕ್ಕೆ ಜರ್ಮನಿಯ ಸರ್ಟಿಫಿಕೇಟ್ ಇದೆ, ನಿಮ್ಮ ಕಿವಿಗೆ ಯಾವ ಊರಿನದಿದೆ ಮಾರಾಯ್ರೇ ಎಂದು ಕೇಳಿದರು. ನನ್ನ ಕಿವಿಗೆ ಇರುವುದು ನಾಲ್ಕು ಕೂದಲು ಮಾತ್ರ. ಲಾರಿ ಹೋಯಿತು.

ಮೊನ್ನೆ ಫೋನು ಬಂತು. ಹೊಳಲೂರಿನ ನನ್ನ ತಂಗಿಯ ಮಗ ಆನಂದ, ನಮ್ಮಲ್ಲೇ ಫಿಟ್ಟರ್ ಆಗಿದ್ದು ಈಗ ಕರಾವಳಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿರುವವನು, ಮಾವ, ನಿಮ್ಮ ನಲವತ್ತೊಂದನ್ನು ಹಡಗಿನ ಮೂತಿಗೇ ಕೂರಿಸಿ ಬೆಸುಗೆ ಹಾಕಿದ್ದೀವಿ, ಸೋಮವಾರ ಹಗ್ಗ ಕಟ್ಟಿ ಎಳೆದು ನೋಡ್ತಾರೆ ಎಂದು ಹೆಮ್ಮೆಯಿಂದ ಹೇಳಿದ. ನೀನು ಎಲ್ಲಿ ನಿಂತಿರ್ತೀಯ ಅಂದೆ. ಹಗ್ಗ ಎಳೆಯುವ ಯಂತ್ರದ ಹತ್ತಿರ, ಹಗ್ಗದ ನೇರಕ್ಕೇ ಅಂದ. ಗೂಟದ ಕುತ್ತಿಗೆ ಮುರಿದರೆ ಹಗ್ಗ ಚಾಟಿಯ ಹಾಗೆ ಹಾರಿ ಬಂದು ಬಡಿಯುವುದು ಅಲ್ಲಿಗೇ. ಗೂಟವನ್ನು ಬಡಿದು ಫೋನನ್ನು ಅಲ್ಲೇ ಹಿಡಿ ಅಂದೆ. ಘಟ್ಟ ಇಳಿದು ಹೋದರೂ ಅದು ದನಿ ಬದಲಿಸಿರಲಿಲ್ಲ. ದೂರ ನಿಲ್ಲೋ ಅಂದರೆ, ಹೇಳಿದ ಜಾಗ ಬಿಟ್ಟರೆ ಕೆಲಸ ಹೋಗುತ್ತೆ ಮಾವ ಅಂದ.

ನಮ್ಮ ದಿವ್ಯಶ್ರೀ, ದುರ್ಗಿಗುಡಿಯ ಹುಡುಗಿ, ಗುಣಮಟ್ಟದ ಇಂಜಿನಿಯರು, ನನ್ನ ಮಾತು ನಂಬಿ ತಮ್ಮ ಹಳೆಯ ಫೋಟೋ ತೆರೆದು ತೋರಿಸಿದಳು. ಕುತ್ತಿಗೆಯ ಜಾಗದಲ್ಲಿ ಸರಿಯಾಗಿ ಆ ಕೆಂಪು ಮಸುಕು. ತನ್ನ ಬೆರಳಿಂದ ಬಾಗಿಲು ತೆಗೆಸಿ ಒಳಗೆ ಕರೆದುಕೊಂಡು ಹೋದಳು, ನೋಡಿದರೆ ನನ್ನದೇ ಬೊಟ್ಟು. ಅವಳು ಕೂಡಲೇ ಹಡಗಿನವರಿಗೆ ದೂರು ಬರೆಯಲು ಕುಳಿತರೆ, ಯಂತ್ರ ಕೆಂಪು ಹಾಕಿದ ಮಾಲಿಗೆ ಮಾತ್ರ ದೂರು ತೆಗೆದುಕೊಳ್ಳುತ್ತೇವೆ ಎಂದಿತು ಅವರ ಕಂಪ್ಯೂಟರು. ಮೇಲ್ ಕಳಿಸಿದಳು. ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ನಗುವ ಮುಖವೊಂದು ಮರುಕ್ಷಣವೇ ಬಂತು. ಹಾಲೇಶರಿಗೆ ಹೇಳಿದರೆ, ಇದೊಂದನ್ನು ಒಪ್ಪಿಕೊಂಡರೆ ಹಬ್ಬದಿಂದೀಚೆಗೆ ಕಳಿಸಿದ್ದೆಲ್ಲ ವಾಪಸು ಬರುತ್ತದೆ, ಸುಮ್ಮನಿರಿ ಎಂದು ಬಾಗಿಲು ಹಾಕಿಕೊಂಡರು.

ಆ ಹಡಗು ಕಟ್ಟುವ ಯಾರ್ಡಿನವರು ಕಂಪ್ಯೂಟರಿನೊಳಗೆ ಹಡಗಿನ ಅವಳಿಯೊಂದನ್ನು ಸಾಕಿದ್ದಾರಂತೆ. ನಿಜದ ಹಡಗಿಗೆ ಒಂದು ಬೋಲ್ಟು ಹಾಕಿದರೆ ಅದಕ್ಕೂ ಒಂದು ಬೋಲ್ಟು. ಆ ಅವಳಿಯಲ್ಲಿ ನಲವತ್ತೊಂದನೇ ಗೂಟ ಕಲ್ಲುಗುಂಡಿನ ಹಾಗೆ ಆರೋಗ್ಯವಾಗಿದೆಯಂತೆ. ಬಹಳ ಸಂತೋಷ. ಹಾಗಾದರೆ ಸೋಮವಾರದ ಹಗ್ಗವನ್ನು ದಯಮಾಡಿ ಆ ಅವಳಿಗೇ ಕಟ್ಟಿಸಬೇಕಾಗಿ ಪ್ರಾರ್ಥನೆ. ಅದು ಆಗದಿದ್ದರೆ ಆನಂದನಿಗೂ ಒಬ್ಬ ಅವಳಿಯನ್ನು ಮಾಡಿಸಿ, ಹಗ್ಗದ ನೇರಕ್ಕೆ ಅವನನ್ನು ನಿಲ್ಲಿಸಿ, ನಮ್ಮ ಹುಡುಗನನ್ನು ಊಟಕ್ಕೆ ಕಳಿಸಬೇಕು. ಅದೂ ಕಷ್ಟವಾದರೆ ತಾವೇ ನಲವತ್ತೊಂದನೇ ಫೋಟೋವನ್ನು ಮತ್ತೊಮ್ಮೆ ನೋಡಿ, ತಪ್ಪಿದೆ ಎಂಬ ಒಂದು ಮಾತನ್ನು ಕೆಂಪು ಅಕ್ಷರದಲ್ಲಿ ಬರೆದುಕೊಡಬೇಕು. ನಾನಂತೂ ನನ್ನ ತಪ್ಪನ್ನು ಊರಿಗೆಲ್ಲ ಕಾಣುವ ಹಾಗೆ ಇಲ್ಲಿ ಬರೆದಿದ್ದೇನೆ, ಸತ್ತೇನೂ ಹೋಗಿಲ್ಲ. ಸಾವಿರಾರು ಫೋಟೋ ನೋಡುವ ತಮಗೆ ಇದೇನು ಭಾರ.

ತಮ್ಮ ಕಣ್ಣಿನ ಮೇಲೆ ಅಲ್ಪಸ್ವಲ್ಪ, ತನ್ನ ಕಿವಿಯ ಮೇಲೆ ಪೂರ್ತಿ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ
ಕರಿಯಣ್ಣ
ಹೊಸಮನೆ, ಭದ್ರಾವತಿ

ತಾ.ಕ.: ದಿವ್ಯಶ್ರೀ ಒಳಗೆ ಕರೆದುಕೊಂಡು ಬಂದಾಗಲೇ ತಮ್ಮ ಕಣ್ಣನ್ನು ನನ್ನ ಟವೆಲಿನ ತುದಿಗೆ ಸೀಮೆಎಣ್ಣೆ ಹಚ್ಚಿ ಒರೆಸಿದ್ದೇನೆ, ಉರಿದರೆ ಕ್ಷಮಿಸಿ. ಸುತ್ತಿಗೆಯನ್ನೂ ಪೆಟ್ಟಿಗೆಯಿಂದ ತೆಗೆದುಕೊಂಡಿದ್ದೇನೆ, ಚೀಟಿಯನ್ನು ಅಲ್ಲೇ ಬಿಟ್ಟಿದ್ದೇನೆ. ದಿವ್ಯಶ್ರೀ ಹಡಗಿನ ಕಾರ್ಖಾನೆಯ ಗೇಟ್ ಪಾಸ್ ಮಾಡಿಸಿಕೊಟ್ಟಿದ್ದಾಳೆ, ಭಾನುವಾರದ ಬಸ್ಸಿಗೆ ಹೊರಟಿದ್ದೇನೆ. ಆ ಯಾರ್ಡಿನಲ್ಲಿ ಗೂಟದ ಸುತ್ತ ಹಳದಿ ಗೆರೆ ಎಳೆದು, ಅದರೊಳಗೆ ಮನುಷ್ಯ ಕಂಡರೆ ಹಗ್ಗ ಎಳೆಯುವ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ಸ್ಮಾರ್ಟ್ ಕ್ಯಾಮೆರಾ ಇಟ್ಟಿದ್ದಾರಂತೆ, ತಮಗೆ ತಮ್ಮನಾಗಬೇಕು. ಸೋಮವಾರ ನಾನು ಬುತ್ತಿ ಬಿಚ್ಚಿಕೊಂಡು ನಲವತ್ತೊಂದನೇ ಗೂಟದ ಮೇಲೆಯೇ ಕೂತಿರುತ್ತೇನೆ, ಯಾರಾದರೂ ಬಂದು ಅದನ್ನು ಬಡಿದು ಕೇಳುವವರೆಗೂ ಏಳುವುದಿಲ್ಲ. ತಮ್ಮಿಂದ ಆಗಬೇಕಾದ ಉಪಕಾರ ಇಷ್ಟೇ: ಈ ಸಲದ ಆಯುಧಪೂಜೆಗೆ ಆ ನಿಮ್ಮ ತಮ್ಮನ ಹಣೆಗೂ ಯಾರಾದರೂ ಕುಂಕುಮ ಇಟ್ಟಿದ್ದಾರೆಯೇ ಎಂದು ವಿಚಾರಿಸಿ ಮೊದಲೇ ತಿಳಿಸುವುದು.