ಶಲ್ಯದ ಕೆಳಗಿನ ಡಾಕ್ಟರೇಟು

ಹತ್ತಿ ಪೇಟೆಯಲ್ಲಿ ಕೂತವನು ನಗೆ ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಾನಾಗಿಯೇ ಅಂಗಡಿ ಮೆಟ್ಟಿಲು ಹತ್ತಿ ಬರುತ್ತದೆ. ಅರವತ್ತರ ದಶಕದಲ್ಲಿ ಒಮ್ಮೆ ಅದು ನನ್ನ ಅಕ್ಕನ ಮಗನ ರೂಪದಲ್ಲಿ ಬಂತು.

ಅವನು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಧಾರವಾಡದಲ್ಲಿ ಡಾಕ್ಟರೇಟಿಗೆ ಅರ್ಜಿ ಹಾಕಿದ್ದ. ಪ್ರೊಫೆಸರರು, "ಎಲ್ಲಾ ಪುಸ್ತಕದ ಮಾತು. ನೀ ಕಣ್ಣಾರೆ ನೋಡಿದ್ದು ಏನೈತಪಾ?" ಎಂದು ತಿರುಗಿ ಕಳಿಸಿದರು. ಮುಂದಿನ ವರ್ಷ ಗಟ್ಟಿ ಅರ್ಜಿ ಹಾಕಬೇಕು, ಅಲ್ಲಿಯವರೆಗೆ ಮನುಷ್ಯರನ್ನು ನೋಡುತ್ತೇನೆ ಎಂದು ಹುಬ್ಬಳ್ಳಿಯಲ್ಲಿ ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವ ನನ್ನ ಅಡತಿ ಅಂಗಡಿಗೆ ಬಂದು ಕೂತ. ಆ ಸಲವೂ ಆಗದಿದ್ದರೆ ಕಾಯಂ ಅಂಗಡಿಯೇ ಎಂದು ಅಕ್ಕ ತಾಕೀತು ಮಾಡಿದ್ದಳು. ಅವನಿಗೆ ಅದೇ ಹೆದರಿಕೆ. ನಾಲ್ಕು ದಿನದಲ್ಲಿ ನನಗೂ ಅದೇ ಹೆದರಿಕೆ ಹತ್ತಿತು.

೧. ಕಿವಿ, ಮೀಸೆ

ಆಗ ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ಕೈ, ಖರೀದಿದಾರನ ಕೈ, ಎರಡರ ಮೇಲೂ ಒಂದು ಶಲ್ಯ. ಅದರ ಕೆಳಗೆ ಬೆರಳು ಹಿಡಿದು ಚೌಕಾಸಿ; ಹಿಡಿದ ಬೆರಳಿನ ಎಣಿಕೆಯೇ ದರ. ಅಂಗೈ ಒತ್ತಿದರೆ ವ್ಯಾಪಾರ ಮುಗಿಯಿತು. ಮುಖ ಮಾತ್ರ ಕಲ್ಲಿನಂತೆ ಇರಬೇಕು.

ಒಂದು ದಿನ ಗಿರಣಿಯ ಖರೀದಿದಾರನ ಜತೆ ಬೆರಳು ಹಿಡಿದಿದ್ದೆ. ಪಕ್ಕದಿಂದ ಇವನು ಕೂಗಿದ: "ಮಾಮಾ, ಬಿಡಬ್ಯಾಡ್ರಿ! ಇವರ ಕಿವಿ ಕೆಂಪಗಾಗ್ಯಾವ, ಇನ್ನೂ ಏರಸ್ತಾರ!"

ಖರೀದಿದಾರ ಸಿಟ್ಟಾಗಿ, "ನಿಮ್ಮ ಮಾಮಾನ ಮಾರಿ ಕಾಣಂಗಿಲ್ಲೇನ್ ನಿನಗ?" ಎಂದ.

"ಕಾಣತೈತ್ರಿ. ಸುಳ್ಳು ಹೇಳೂ ಮುಂದ ಮೀಸಿ ತೀಡತಾರ."

ಮರುದಿನ ಆತ ಕಿವಿ ಮುಚ್ಚುವ ಹಾಗೆ ರುಮಾಲು ಸುತ್ತಿಕೊಂಡು ಬಂದ. ನಾನು ಮೀಸೆ ಬೋಳಿಸಿಕೊಂಡು ಕೂತಿದ್ದೆ.

೨. ಮಸಿಯ ಕಲೆ

ಹಾಳೆಯ ಮೇಲೆ ಮಸಿ ಚೆಲ್ಲಿ, ಮಡಚಿ ಬಿಚ್ಚಿ, "ಇದರಾಗ ಏನು ಕಾಣತೈತ್ರಿ?" ಎಂದು ಕೇಳುವುದೂ ಅವರ ಶಾಸ್ತ್ರದಲ್ಲಿ ಇದೆಯಂತೆ. ಕಂಡದ್ದರಿಂದ ಮನಸ್ಸಿನ ಒಳಗಿನದು ತಿಳಿಯುತ್ತದಂತೆ. ಹಮಾಲರ ಮುಖ್ಯಸ್ಥ ನೋಡಿ, "ನನ್ನ ಹೆಂಡತಿ ಹಂಚಿನ ಮ್ಯಾಲೆ ಹುಯ್ದ ಮೊದಲನೇ ದ್ವಾಸಿ," ಎಂದ. ಇವನು ಖುಷಿಯಾಗಿ ಬರೆದುಕೊಂಡ.

ಆಮೇಲೆ ಹತ್ತಿ ಪರೀಕ್ಷೆ ಮಾಡುವ ನಮ್ಮ ಮುದುಕನ ಸರದಿ. ಆತ ಹಾಳೆಯನ್ನು ಬಿಸಿಲಿಗೆ ಹಿಡಿದ, ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದ, ಮೂಸಿಯೂ ನೋಡಿದ.

"ಹಾಳಿ ಛಲೋ ಐತಿ. ಮಸಿಯಾಗ ನೀರು ಭಾಳ ಕೂಡ್ಸ್ಯಾರ. ಯಾವ ಅಂಗಡ್ಯಾಗ ತಂದ್ಯೋ ತಮ್ಮಾ? ನಡಿ, ಜಗಳಾಡಿ ಬರೂಣು."

೩. ಶಿಫಾರಸು

ಹೊಸ ಅರ್ಜಿಗೆ, ಇವನ ಕೆಲಸ ಕಂಡವರ ಒಂದು ಪತ್ರ ಬೇಕಾಗಿತ್ತು. ಕಂಡು ಅನುಭವಿಸಿದವನು ನಾನೇ. ಇವನು ವಿಶ್ವವಿದ್ಯಾಲಯ ಸೇರಿದರೆ ನನ್ನ ಅಂಗಡಿ ಉಳಿಯುತ್ತದೆ ಎಂದು ಮನಸ್ಸಿಟ್ಟು ಬರೆದೆ. ನನಗೆ ಗೊತ್ತಿರುವುದು ಒಂದೇ ಧಾಟಿ:

"ಮಾಲು ನಮ್ಮೂರಿನದೇ, ಖಾತ್ರಿಯದು. ಕಸ ಇಲ್ಲ. ಕಳೆದ ವರ್ಷ ತುಸು ಹಸಿ ಇತ್ತು, ಈಗ ಒಣಗಿದೆ. ನಮೂನೆಯನ್ನು ಖುದ್ದು ಕಳಿಸಿದ್ದೇವೆ, ನೋಡಿ ಒಪ್ಪಿಕೊಳ್ಳಬೇಕು. ಒಮ್ಮೆ ಒಪ್ಪಿದ ಮಾಲನ್ನು ಯಾವ ಕಾರಣಕ್ಕೂ ವಾಪಸು ತೆಗೆದುಕೊಳ್ಳುವುದಿಲ್ಲ."

ಅವನು ಓದಿ ತಲೆ ಮೇಲೆ ಕೈ ಹೊತ್ತು ಕೂತ. ನಾನು ಲಗುಬಗೆಯಿಂದ ಲಕೋಟೆ ಅಂಟಿಸಿದೆ.

೪. ಸಂದರ್ಶನ

ಪತ್ರ ಬರೆದವನನ್ನೂ ನೋಡಬೇಕು ಎಂದು ಪ್ರೊಫೆಸರರು ಹೇಳಿಕಳಿಸಿದ್ದರು. ಇಬ್ಬರೂ ಧಾರವಾಡಕ್ಕೆ ಹೋದೆವು.

"ಈ ಸಲ ಏನು ನೋಡೀಯಪಾ?"

"ಶಲ್ಯದ ಕೆಳಗ ಬೆರಳು ಮಾತಾಡೂ ಮುಂದ, ಮ್ಯಾಲೆ ಮಾರಿ ಏನೇನು ಮುಚ್ಚಿಡತೈತಿ, ಅದನ್ನ ನೋಡೇನ್ರಿ ಸರ್."

"ಹೆಂಗ ಅದು? ತೋರ್ಸು."

ಇವನು ನನ್ನ ಹೆಗಲ ಮೇಲಿನ ಶಲ್ಯ ಎಳೆದು ಪ್ರೊಫೆಸರರ ಕೈ, ತನ್ನ ಕೈ, ಎರಡರ ಮೇಲೂ ಹೊದಿಸಿಯೇಬಿಟ್ಟ. ಶಲ್ಯ ಕೊಂಚ ಅಲುಗಾಡಿತು. ಪ್ರೊಫೆಸರರ ಕಿವಿ ಕೆಂಪಾದವು.

"ಈಗ ಅಂಗೈ ಒತ್ತಿದಿಯಲ್ಲ, ಯಾಕ?"

"ವ್ಯಾಪಾರ ಮುಗೀತ್ರಿ ಸರ್. ಪ್ರಬಂಧಕ್ಕ ಮೂರು ವರ್ಷ ಬೇಕಂತ ನಿಮ್ಮ ಮೂರು ಬೆರಳು ಹಿಡದೆ. ನೀವು ಒಂದು ಬೆರಳು ಹಿಂದಕ್ಕ ಕಸಗೊಂಡ್ರಿ. ಎರಡಕ್ಕ ನಾ ಒಪ್ಪಿದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪ್ರೊಫೆಸರರು ನಗುತ್ತಲೇ ಅರ್ಜಿಗೆ ಸಹಿ ಹಾಕಿದರು. ಅಂಗಡಿ ಉಳಿಯಿತು ಎಂದು ನಾನು ಕೈಮುಗಿದು ಎದ್ದೆ.

"ನಿಂದರ್ರಿ ಸಾಹುಕಾರ್ರ. ಇಂವಾ ಇಲ್ಲಿ ಕೂತು ಯಾರ ಮಾರಿ ನೋಡಬೇಕು? ಎರಡೂ ವರ್ಷ ನಿಮ್ಮ ಅಂಗಡ್ಯಾಗ ಇರ್ಲಿ."

"ವಾಪಸು ತಗೊಳ್ಳೂದಿಲ್ಲಂತ ಬರದು ಕೊಟ್ಟೇನಲ್ರಿ!"

"ವಾಪಸು ಯಾರು ಮಾಡಾಕತ್ತಾರ್ರಿ? ಮಾಲು ನಮ್ಮದ. ನಿಮ್ಮಲ್ಲಿ ಇಟ್ಟಿರ್ತೇವಿ, ಅಷ್ಟ."

"ಭಾಳ ಸಂತೋಷ ಆತ್ರಿ," ಎಂದೆ. ಕೈ ತಾನಾಗಿಯೇ ಇಲ್ಲದ ಮೀಸೆಯನ್ನು ಹುಡುಕಿಕೊಂಡು ಹೋಯಿತು.