ಅಕ್ಕನ ತರಗತಿಯ ಕೊನೆಯ ಹೆಸರು

ನಮ್ಮ ಅಕ್ಕನಿಗೆ ಹಾಜರಿ ತೆಗೆದುಕೊಳ್ಳುವ ಹುಚ್ಚು. ನಾಳೆ ಯಮನ ಕೋಣ ಬಾಗಿಲಿಗೆ ಬಂದರೂ ‘ಯಾಕ ತಡಾ ಆತು?’ ಎಂದು ಕೇಳಿಯೇ ಒಳಗೆ ಬಿಟ್ಟಾಳು! ಈ ಮಾತನ್ನು ಮೊದಲು ನಾನು ಮದುವೆ ಮುಂಜಿಗಳಲ್ಲಿ ಹೇಳಿ ನಗಿಸುತ್ತಿದ್ದೆ. ಈಗ ಎಲ್ಲ ಕಡೆಯೂ ಹೇಳುವುದಿಲ್ಲ.

ಅವಳು ಅಥಣಿಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಕಾಲೇಜಿನಲ್ಲಿ ಹಾಜರಿ ತೆಗೆದುಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಮನೆಮಂದಿಯೆಲ್ಲ ಕ್ರೂಸರ್ ಗಾಡಿ ಮಾಡಿಕೊಂಡು ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಹೊರಟಾಗಲೂ ಹೆಸರು ಕೂಗಬೇಕೆ? ಪಕ್ಕದಲ್ಲೇ ತೊಡೆಗೆ ತೊಡೆ ತಾಗಿಸಿ ಕುಳಿತ ಅಜ್ಜಿಯೂ ಓಗೊಡುವ ತನಕ ಗಾಡಿ ಬಿಡಗೊಡಲಿಲ್ಲ. ಕೊನೆಗೆ ಅಜ್ಜಿಯೇ ಸೋತು, “ಇನ್ನೂ ಅದೀನಿ ನಮ್ಮವ್ವಾ, ಏನ ಮಾಡ್ಲಿ!” ಎಂದಳು.

ಒಬ್ಬನ ಬದಲು ಇನ್ನೊಬ್ಬ ‘ಹಾಜರ್’ ಎನ್ನುವುದಕ್ಕೆ ಕಾಲೇಜು ಹುಡುಗರು ಪ್ರಾಕ್ಸಿ ಎನ್ನುತ್ತಾರೆ. ಅಕ್ಕನ ಕಣ್ಣಿನಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಕೊಲೆಗಡುಕ ರಾಜರ ಬಗ್ಗೆಯೂ ಒಂದೆರಡು ಒಳ್ಳೆಯ ಮಾತು ಆಡುವ ಅವಳು ಪ್ರಾಕ್ಸಿ ಹಾಕಿದವನನ್ನು ಮಾತ್ರ ಕ್ಷಮಿಸಿದ್ದಿಲ್ಲ. ಅವಳನ್ನು ನೋಡಲು ಗಂಡಿನವರು ಬಂದ ದಿನವೇ ಇದು ಎಲ್ಲರಿಗೂ ಗೊತ್ತಾಯಿತು. ಅಕ್ಕ ಹುಡುಗನನ್ನು “ನಿಮಗ ಓದೂದಂದ್ರ ಸೇರ್ತೈತೇನ್ರಿ?” ಎಂದು ಕೇಳಿದಳು. ಉತ್ತರ ಕೊಟ್ಟದ್ದು ಹುಡುಗನ ತಾಯಿ: “ಭಾಳ ಸೇರ್ತೈತಿ ನೋಡವಾ, ಊಟಾ ಬಿಟ್ಟ ಪೇಪರ ಓದ್ತಾನ.”

“ಅತ್ತಿ, ಪ್ರಾಕ್ಸಿ ನಡ್ಯೂದಿಲ್ರಿ. ಅವರ ಹೇಳ್ಲಿ.”

ನಮ್ಮ ಅಪ್ಪನ ಕೈಯಲ್ಲಿದ್ದ ಅವಲಕ್ಕಿ ತಟ್ಟೆ ಅಲ್ಲೇ ನಿಂತಿತು. ಸಂಬಂಧ ಮುರಿದುಬಿತ್ತು ಎಂದೇ ಎಲ್ಲರೂ ತಿಳಿದೆವು. ಆಗ ಆ ಹುಡುಗ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿ, “ಹಾಜರ್ ಅದೀನ್ರಿ,” ಎಂದ. ನನಗೆ ಭಾವ ಸಿಕ್ಕಿದ್ದು ಹೀಗೆ.

ಕೊರೋನಾ ಬಂತು. ಕಾಲೇಜಿಗೆ ಬೀಗ ಬಿತ್ತು, ಪಾಠ ಮೊಬೈಲಿಗೆ ಬಂತು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ನೆರಳಿನಲ್ಲಿ ಮಾತ್ರ. ಅರಿವೆ ಒಣಹಾಕುವ ತಂತಿಗೆ ಮೊಬೈಲನ್ನು ಚಿಮಟಿಗೆಯಿಂದ ಸಿಕ್ಕಿಸಿ, ಇಸ್ತ್ರಿ ಸೀರೆ ಉಟ್ಟು, ಕೊರಳಿಗೆ ಕಾಲೇಜಿನ ಗುರುತಿನ ಚೀಟಿಯನ್ನೂ ಹಾಕಿಕೊಂಡು ಅಕ್ಕ ಪಾಠಕ್ಕೆ ನಿಲ್ಲುತ್ತಿದ್ದಳು. ಆಗ ಐದು ತುಂಬಿರದ ಮಗಳನ್ನು ಎಲ್ಲಿ ಬಿಡುವುದು? ಟಾಕಿಯ ಪಕ್ಕ ಒಂದು ಮಣೆ ಹಾಕಿದಳು. ಕಾನೂನನ್ನೂ ಹೇಳಿದಳು: “ಕ್ಲಾಸಿನಾಗ ನಾ ನಿನ್ನ ಮಮ್ಮಿ ಅಲ್ಲ. ಬಾಯಾರು. ಏನರ ಬೇಕಂದ್ರ ಕೈ ಎತ್ತಬೇಕು.” ಹುಡುಗಿ ತಾಯಿಗೆ ತಕ್ಕ ಮಗಳು. ಬಹಮನಿ ಸುಲ್ತಾನರ ನಡುವೆ ಕೈ ಎತ್ತಿ, “ಬಾಯಾರ, ಒಂದಕ್ಕ ಬಂದೈತ್ರಿ,” ಎನ್ನುತ್ತಿದ್ದಳು. ಇಡೀ ತರಗತಿ ಕೇಳಿಸಿಕೊಳ್ಳುತ್ತಿತ್ತು.

ಒಂದು ದಿನ ಹಾಜರಿಯ ಹೊತ್ತಿಗೆ ಮಂಗಸೂಳಿಯ ಹುಡುಗನೊಬ್ಬನ ಹೆಸರಿಗೆ ಗಡಸು ದನಿಯೊಂದು ‘ಹಾಜರ್’ ಎಂದಿತು.

“ಯಾರ್ರಿ ಅದು?”

“ನಾ ಅವರಪ್ಪ್ರಿ ಬಾಯಾರ. ಮಗಾ ಕಬ್ಬಿಗೆ ನೀರ ಹಾಯ್ಸಾಕತ್ತಾನ್ರಿ. ಮೊಬೈಲ್ ನನ್ನ ಕಿಸೇದಾಗ ಐತ್ರಿ.”

“ಮಗನ ಬದ್ಲಿ ಅಪ್ಪ ಹಾಜರ್ ಅಂದ್ರ ನಡ್ಯೂದಿಲ್ರಿ.”

“ಅಲ್ರಿ, ಮಗಾ ನಂದ ಅಲ್ರಿ?”

“ಮಗಾ ನಿಮ್ದರಿ. ಹಾಜರಿ ಅವಂದು!”

“ಬರ, ಬರ,” ಎಂದು ಆತ ಮರಾಠಿಯಲ್ಲಿ ಒಪ್ಪಿಕೊಂಡ. ಮರುದಿನದಿಂದ ಹುಡುಗ ಹೊಲದ ಯಾವ ಮೂಲೆಯಲ್ಲಿದ್ದರೂ ಓಡಿಬಂದು ಅಪ್ಪನ ಕಿಸೆಗೆ ಬಾಯಿಟ್ಟು ‘ಹಾಜರ್ರಿ’ ಎಂದು ಕೂಗಿ ಮತ್ತೆ ನೀರಿಗೆ ಓಡುತ್ತಿದ್ದ. ಪಾಠ ಮಾತ್ರ ಅಪ್ಪನ ಕಿಸೆಯಲ್ಲೇ ಮುಂದುವರಿಯುತ್ತಿತ್ತು.

ಎರಡನೆಯ ಅಲೆಯಲ್ಲಿ ಭಾವನಿಗೆ ಉಸಿರು ಕಟ್ಟಿತು. ಈ ಕಡೆ ಎಲ್ಲೂ ಹಾಸಿಗೆ ಸಿಗಲಿಲ್ಲ. ಗಡಿಯಾಚೆ, ಮಹಾರಾಷ್ಟ್ರದ ಮಿರಜದ ಒಂದು ಆಸ್ಪತ್ರೆಯಲ್ಲಿ ಸಿಕ್ಕಿತು. ನಾನು ಪತ್ರಿಕೆಯ ವರದಿಗಾರ, ಓಡಾಡಲು ಪಾಸಿತ್ತು. ಕಾಗವಾಡದ ಚೆಕ್‌ಪೋಸ್ಟ್ ದಾಟಿ ಅವರನ್ನು ಬಿಟ್ಟುಬಂದೆ. ವಾರ್ಡಿನೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ಮೂಗು ಬಾಯಿಗೆ ಆಕ್ಸಿಜನ್ ಕಟ್ಟಿದ್ದರಿಂದ ಫೋನಿನಲ್ಲಿ ಮಾತೂ ಆಗುತ್ತಿರಲಿಲ್ಲ. ಮನುಷ್ಯ ಇದ್ದಾನೆಯೇ ಎಂದು ತಿಳಿಯುವುದು ಹೇಗೆ?

ಅಕ್ಕ ತನಗೆ ಗೊತ್ತಿದ್ದುದನ್ನೇ ಮಾಡಿದಳು. ಗಂಡನನ್ನು ತನ್ನ ತರಗತಿಗೆ ಸೇರಿಸಿಕೊಂಡಳು! ಹಾಜರಿಯಲ್ಲಿ ಕೊನೆಯ ಹೆಸರು ಅವರದು. ಅವಳು ಕರೆದಾಗ ಭಾವ ಅಲ್ಲಿ ಮಲಗಿದಲ್ಲೇ ಮೊಬೈಲಿನ ಮೇಲೆ ಬೆರಳು ಒತ್ತುತ್ತಿದ್ದರು. ಇಲ್ಲಿ ಪರದೆಯ ಮೇಲೆ ಪುಟ್ಟದೊಂದು ಹಳದಿ ಕೈ ಏಳುತ್ತಿತ್ತು. “ಪಪ್ಪಾ ಕೈ ಎತ್ಯಾನ!” ಎಂದು ಮಗಳು ಮಣೆ ಬಿಟ್ಟು ಜಿಗಿಯುತ್ತಿದ್ದಳು. ಅಕ್ಕ ಗಂಭೀರವಾಗಿ ಹಾಜರಿ ಹಾಕಿ ಪಾಠ ಶುರು ಮಾಡುತ್ತಿದ್ದಳು.

ಅಲ್ಲಿಂದ ಮುಂದೆ ಅವಳ ತರಗತಿಗೆ ರಜೆಯೇ ಇಲ್ಲವಾಯಿತು. ರವಿವಾರವೂ ಪಾಠ, ಹಬ್ಬಕ್ಕೂ ಪಾಠ. ಪಾಠ ಮುಗಿದ ಮೇಲೆ ಇನ್ನೊಮ್ಮೆ ಹಾಜರಿ.

“ಮೇಡಂ, ಇವತ್ತ ಅಮಾಸಿ ಐತ್ರಿ,” ಎಂದು ಒಬ್ಬ ಗೊಣಗಿದ.

“ಸತ್ತ ರಾಜರಿಗೆ ಅಮಾಸಿ ಏನು, ಹುಣ್ಣಿಮಿ ಏನು? ಪುಸ್ತಕಾ ತಗಿ.”

ಹುಡುಗರು ಗೊಣಗುವುದನ್ನು ಬೇಗನೆ ಬಿಟ್ಟರು. ಕೊನೆಯ ಹೆಸರು ಯಾರದೆಂದು ಅವರಿಗೆ ತಿಳಿದಿರಬೇಕು. ಅದನ್ನು ಕರೆದಾಗ ಮಂಗಸೂಳಿಯ ಕಿಸೆಯೊಳಗಿನ ಹೊಲದ ಗಾಳಿಯಷ್ಟೇ ಕೇಳಿಸುತ್ತಿತ್ತು.

ಬರಬರುತ್ತ ಆ ಕೈ ತಡವಾಗಿ ಏಳತೊಡಗಿತು. ಜಗತ್ತಿನಲ್ಲಿ ಯಾರಿಗೂ ತಡಕ್ಕೆ ವಿನಾಯಿತಿ ಕೊಡದವಳು ಸುಮ್ಮನೆ ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಏಳಲಿಲ್ಲ. ಅಕ್ಕ ಅದೇ ಹೆಸರನ್ನು ಮತ್ತೆ ಕರೆದಳು, ಮತ್ತೂ ಕರೆದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ನನಗೆ ಫೋನು ಬಂತು.

ಅಂತ್ಯಕ್ರಿಯೆ ಮಿರಜದಲ್ಲೇ ಆಯಿತು. ನಾನೊಬ್ಬ ದೂರದಲ್ಲಿ ನಿಂತಿದ್ದೆ. ಸಂಜೆ ಎಂದಿನಂತೆ ತಾಲ್ಲೂಕಿನ ಸಾವಿನ ಲೆಕ್ಕವನ್ನು ಪತ್ರಿಕೆಗೆ ಕಳಿಸಿದೆ. ಭಾವ ಸತ್ತದ್ದು ಗಡಿಯ ಆಚೆ. ನಮ್ಮ ಲೆಕ್ಕಕ್ಕೆ ಅವರು ಬರಲಿಲ್ಲ.

ಕೆಲವು ದಿನ ಕಳೆದು ಅಕ್ಕ ಮತ್ತೆ ಮಾಳಿಗೆ ಹತ್ತಿದಳು. ಸೀರೆ ಇಸ್ತ್ರಿ ಆಗಿರಲಿಲ್ಲ. ಪಪ್ಪಾ ಇನ್ನು ಬರುವುದಿಲ್ಲ ಎಂದಷ್ಟೇ ಮಗಳಿಗೆ ಹೇಳಿದ್ದೆವು. ಅವಳು ತನ್ನ ಮಣೆ ಹಾಕಿಕೊಂಡು ಕುಳಿತಳು. ನಾನು ಮೆಟ್ಟಿಲ ಮೇಲೆ ನಿಂತೆ. ಅಕ್ಕ ಹುಡುಗರ ಹೆಸರುಗಳನ್ನೆಲ್ಲ ಕೂಗಿ, ಪುಸ್ತಕ ತೆರೆದಳು. ಆಗ ಆ ಗಡಸು ದನಿ:

“ಬಾಯಾರ, ಕಡೀಕ ಒಂದ ಹೆಸರ ಇರ್ತಿತ್ತಲ್ರಿ. ಇವತ್ತ ಕರೀಲೇ ಇಲ್ಲಲ್ರಿ?”

ಆತನಿಗೆ ಸುದ್ದಿ ತಲುಪಿರಲಿಲ್ಲ. ತಂತಿಯ ಮೇಲಿನ ಮೊಬೈಲ್ ಗಾಳಿಗೆ ತೂಗುತ್ತಿತ್ತು. ಅಕ್ಕ ಅದನ್ನು ಹಿಡಿದು ನಿಲ್ಲಿಸಿದಳು. ಪುಸ್ತಕ ಮುಚ್ಚಿದಳು. ಆಮೇಲೆ, ಎಂದಿನ ದನಿಯಲ್ಲೇ, ಆ ಹೆಸರನ್ನು ಕರೆದಳು.

ಟಾಕಿಯ ಪಕ್ಕದ ಮಣೆಯ ಮೇಲೆ ಸಣ್ಣದೊಂದು ಕೈ ಮೇಲೆದ್ದಿತು.

“ಹಾಜರ್ರಿ, ಬಾಯಾರ.”

ಅಕ್ಕ ಮಗಳನ್ನೇ ನೋಡುತ್ತ ನಿಂತಳು. ಪ್ರಾಕ್ಸಿ ನಡೆಯುವುದಿಲ್ಲ ಎನ್ನುತ್ತಾಳೆಂದು ನಾನು ಕಾದೆ. ಮಂಗಸೂಳಿಯ ಕಿಸೆಯೂ ಕಾಯುತ್ತಿತ್ತು.

“ಹ್ಞೂಂ,” ಎಂದಳು. “ಕುಂಡ್ರು.”

ಹಾಜರಿ ಹಾಕಿದಳು.