ಮೀಸೆಯ ತನಕ ಬಂದು ನಿಂತ ವೆಬ್‌ಸೈಟ್

ಗೋಕಾಕದ ಬಜಾರಿನಲ್ಲಿ ಹುಟ್ಟಿದಾಗಿನಿಂದ ಕರದಂಟು ಮಾರಿದವನಿಗೆ ಮೊಬೈಲಿನಲ್ಲಿ ಕರದಂಟು ಮಾರುವುದು ಅದೇನು ಮಹಾ ವಿದ್ಯೆ? ಹೀಗೆಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ತಿನ್ನುವ ಅಂಟನ್ನು ತುಪ್ಪದಲ್ಲಿ ಎಷ್ಟು ಕರಿಯಬೇಕು ಗೊತ್ತು. ಬೆಲ್ಲದ ಪಾಕ ಯಾವಾಗ ಎಳೆ ಬಿಡುತ್ತದೆ ಗೊತ್ತು. ಗೋಡಂಬಿ, ಬಾದಾಮಿ, ಒಣಕೊಬ್ಬರಿ ಯಾವಾಗ ಬೀಳಬೇಕು ಗೊತ್ತು. ಇನ್ನು ಉಳಿದದ್ದು ಫೋಟೋ ತೆಗೆದು ಹಾಕುವುದು. ಅದನ್ನು ನಮ್ಮ ಓಣಿಯವರೆಲ್ಲ ದಿನಾ ಮಾಡುತ್ತಾರೆ, ಅದೂ ತಲೆ ಸಹ ಬಾಚಿಕೊಳ್ಳದೆ!

ಈ ಹುಳ ನನ್ನ ತಲೆಗೆ ಹೊಕ್ಕದ್ದು ಎದುರಿನ ಅಂಗಡಿಯಿಂದ. ಅವನೂ ಕರದಂಟಿನವನೇ. ಒಂದು ದಿನ ಅವನ ಬಾಗಿಲ ಮೇಲೆ ‘ಈಗ ಆನ್‌ಲೈನ್‌ನಲ್ಲೂ ಸಿಗುತ್ತದೆ’ ಎಂಬ ಬೋರ್ಡು ಬಂತು. ಮರುವಾರದಿಂದ ಕೊರಿಯರ್ ಗಾಡಿ ಬರತೊಡಗಿತು. ನನ್ನ ಹೆಂಡತಿ ಶೋಭಾ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಪಾಕ ನೋಡಿಕೊಳ್ಳುವವಳು. ಅವಳು ಕಿಟಕಿಯಿಂದ ಇಣುಕಿ ಹೇಳಿದಳು.

“ಏನ್ರಿ, ಆ ಗಾಡಿ ದಿನಾ ನಮಗ ಬೆನ್ನು ತೋರಿಸಿ ನಿಲ್ಲತೈತಿ. ಒಂದಿನಾನೂ ಈ ಕಡೆ ಮಾರಿ ತಿರುಗಿಸಂಗಿಲ್ಲ ನೋಡ್ರಿ.”

ಮಾತು ನಗೆಯದಾದರೂ ಒಳಗೆ ಚುಚ್ಚಿತು. ಸಂತೆಯ ದಿನ ಹುಕ್ಕೇರಿ, ಮೂಡಲಗಿ ಬಸ್ಸುಗಳಲ್ಲಿ ಬಂದು ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಿದ್ದ ಹಳೆಯ ಗಿರಾಕಿಗಳು ಕಡಿಮೆಯಾಗಿದ್ದರು. ಅವರ ಮಕ್ಕಳು ಬಸ್ಸು ಹತ್ತುವುದಿಲ್ಲ, ಕುಳಿತಲ್ಲೇ ತರಿಸಿಕೊಳ್ಳುತ್ತಾರೆ. ಹೀಗೇ ನಡೆದರೆ ಅಪ್ಪ ತೆರೆದ ಬಾಗಿಲನ್ನು ನಾನೇ ಹಾಕಬೇಕಾದೀತು ಎಂಬ ಹೆದರಿಕೆ ನನಗೆ ಇದ್ದೇ ಇತ್ತು. ಆದ್ದರಿಂದ ವೆಬ್‌ಸೈಟ್ ಮಾಡಿಸುವುದೆಂದು ಘನ ನಿರ್ಧಾರ ಕೈಗೊಂಡೆ!

ಮೂಡಲಗಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಸುಜಾತಾ ಎಂಬ ಇಂಜಿನಿಯರ್ ಇದ್ದಾಳೆಂದು ತಿಳಿದು ಕರೆಸಿದೆ. ಅವಳು ಲ್ಯಾಪ್‌ಟಾಪ್ ತೆರೆದು ಕೇಳಿದಳು: “ಕಾಕಾರ, ವೆಬ್‌ಸೈಟ್ ಹೆಂಗಿರಬೇಕ್ರಿ?”

“ನಮ್ಮಪ್ಪನ ಕಾಲದಾಗ ಅಂಗಡಿ ಹೆಂಗಿತ್ತಲ್ಲ, ಥೇಟ್ ಹಂಗ ಇರಬೇಕವಾ.”

ಪಾಪ, ಅವಳು ಅದನ್ನು ನೋಡಿರಲಿಲ್ಲ. ನಾನು ಹೇಳತೊಡಗಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಣ್ಣ ಮುಂದೆ ಬಂತು. ಅಪ್ಪನ ಅಂಗಡಿಯೆಂದರೆ ಮನೆಯ ಪಡಸಾಲೆ ಇದ್ದ ಹಾಗೆ. ಬಾಗಿಲ ಬಾಜೂಕ್ಕೆ ಒಂದು ಉದ್ದನೆಯ ಬಾಕು, ಜನ ಕುಳಿತು ಕುಳಿತೇ ನುಣ್ಣಗಾದದ್ದು. ಬಸ್ಸಿಳಿದು ಬಂದವರಿಗೆ ಅಪ್ಪ ಎರಡೂ ಕೈ ಜೋಡಿಸಿ “ಬರ್ರಿ, ಬರ್ರಿ” ಅನ್ನುತ್ತಿದ್ದ. ತಾಮ್ರದ ತಂಬಿಗೆಯಲ್ಲಿ ನೀರು ಬರುತ್ತಿತ್ತು. ಆಮೇಲೆ ಮಾತು. ಮಳೆ ಆಯಿತೇನು, ಹೊಳೆ ಏರಿತೇನು, ಎಮ್ಮೆ ಈಯಿತೇನು, ಮಗಳಿಗೆ ಗಂಡು ಗೊತ್ತಾಯಿತೇನು. ಒಳಗಿನಿಂದ ತುಪ್ಪದಲ್ಲಿ ಅಂಟು ಅರಳುವ ವಾಸನೆ. ಅಪ್ಪ ಭಜನೆಯ ಪದ ಗುನುಗುತ್ತ ಕರದಂಟನ್ನು ಕಾಗದದಲ್ಲಿ ಕಟ್ಟಿ, ಮೇಲಿನಿಂದ ಇಳಿಬಿಟ್ಟ ಉಂಡೆಯಿಂದ ದಾರ ಎಳೆದು ಸರಸರ ಸುತ್ತುತ್ತಿದ್ದ. ಆ ದಾರ ಸುತ್ತುವುದನ್ನು ನೋಡಲಿಕ್ಕೆಂದೇ ನಾನು ಶಾಲೆಯಿಂದ ಓಡಿ ಬರುತ್ತಿದ್ದೆ. ಆಗ ಯಾರಿಗೂ ಅವಸರ ಇರಲಿಲ್ಲ. ಬಸ್ಸಿಗೂ ಇರಲಿಲ್ಲ!

ಆದ್ದರಿಂದ ವೆಬ್‌ಸೈಟಿಗೆ ನನ್ನ ಆಜ್ಞೆಗಳು ಹೀಗಿದ್ದವು. ತೆರೆದ ಕೂಡಲೇ ಮುಗಿದ ಎರಡು ಕೈ ಕಾಣಬೇಕು (ಕೈಗಳು ನನ್ನವೇ, ಹರಳಿನುಂಗುರ ಸಮೇತ). ಅದರ ಹಿಂದೆ ಹಾರ ಹಾಕಿದ ಅಪ್ಪನ ಫೋಟೋ, ಗೋಡೆಯ ಮೇಲಿನ ಹಳೆಯದನ್ನೇ ಸ್ಟುಡಿಯೋದವರು ದೊಡ್ಡ ಕ್ಯಾಮೆರಾದಲ್ಲಿ ಹೊಸದಾಗಿ ತೆಗೆದುಕೊಟ್ಟದ್ದು. ಅದಕ್ಕೆ ಹೊಂದಿಕೊಂಡು ಭಜನೆ. ಆಮೇಲೆ ನಮ್ಮ ಜಲಪಾತದ ವಿಡಿಯೋ, ಮಳೆಗಾಲದ್ದು, ಪೂರ್ತಿ. ಇದೆಲ್ಲ ಮುಗಿದ ಮೇಲೆ ಕರದಂಟು. ಅದರ ಫೋಟೋದಲ್ಲಿ ಗೋಡಂಬಿಯ ಮೈಮೇಲಿನ ಗೆರೆಯೂ ಕಾಣಬೇಕು.

ಸುಜಾತಾಳ ಮುಖ ಸಪ್ಪಗಾಯಿತು. “ಕಾಕಾರ, ಇಷ್ಟೆಲ್ಲಾ ಹೇರಿದ್ರ ಪೇಜ್ ತೆರಿಯಾಕ ಭಾಳ ಹೊತ್ತು ಹಿಡಿತೈತ್ರಿ. ಈಗಿನ ಮಂದಿ ಕಾಯಂಗಿಲ್ಲ. ಕಣ್ಣ ಮುಚ್ಚಿ ತೆಗಿಯೂದ್ರಾಗ ಮಾಲು ಕಾಣಲಿಲ್ಲಂದ್ರ ಬ್ಯಾರೆ ಅಂಗಡಿಗೆ ಹೋಗತಾರ. ಎದ್ದು ಹೋಗೂದೂ ಬೇಕಾಗಿಲ್ರಿ, ಬಟ್ಟು ಸರಿಸಿದ್ರ ಆತು.”

“ನಮ್ಮ ಗಿರಾಕಿ ಅಂಥವರಲ್ಲವಾ! ಹುಕ್ಕೇರಿ ಬಸ್ಸಿಗೆ ಕಾದು ದೊಡ್ಡವರಾದ ಮಂದಿ ಅವರು!”

“ಹಂಗಾದ್ರ ಫೋಟೋನರ ಸಣ್ಣವು ಮಾಡೋಣ್ರಿ. ನೋಡಾಕ ಹಂಗ ಕಾಣತಾವ, ಭಾರ ಅಷ್ಟ ಕಡಿಮಿ ಆಗತೈತಿ.”

ನಾನು ಕುರ್ಚಿಯಿಂದ ಅರ್ಧ ಎದ್ದೆ. “ನಮ್ಮಪ್ಪನ್ನ ಸಣ್ಣ ಮಾಡತಿಯೇನವಾ?”

ಆ ಪ್ರಶ್ನೆಗೆ ಇಂಜಿನಿಯರಿಂಗಿನಲ್ಲಿ ಉತ್ತರ ಇದ್ದಂತಿರಲಿಲ್ಲ. ಅವಳು ನಾನು ಹೇಳಿದಂತೆಯೇ ಮಾಡಿಕೊಟ್ಟಳು. ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಿದೆ, ಥಟ್ಟನೆ ತೆರೆಯಿತು! ಒಮ್ಮೆ ತೆರೆದ ಕಂಪ್ಯೂಟರು ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ, ಅದಕ್ಕೇ ಬೇಗ ತೋರಿಸುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಅದನ್ನು ಅಪ್ಪನ ಆಶೀರ್ವಾದವೆಂದು ತಿಳಿದು ಪೇಡೆ ಹಂಚಲು ಎದ್ದಿದ್ದೆ.

ಶೋಭಾ ಮಾತ್ರ ತನ್ನ ಮೊಬೈಲಿನಲ್ಲಿ ನೋಡುತ್ತೇನೆಂದು ಒಲೆಯ ಬದಿಗೆ ಇಟ್ಟುಕೊಂಡಳು. ಕುಕ್ಕರ್ ಇಟ್ಟಳು. ಕುಕ್ಕರ್ ಕೂಗಿತು. ಇಳಿಸಿದಳು.

“ಏನ್ರಿ, ಅನ್ನ ಆತು. ನಿಮ್ಮ ಕೈ ಇನ್ನೂ ಮುಗಕೊಂಡ ನಿಂತಾವು.”

“ವಿನಯ ಅಂದ್ರ ಹಂಗ ಇರಬೇಕ!” ಎಂದೆ.

ಆ ವಾರವೇ ಹುಕ್ಕೇರಿಯಿಂದ ಬಾಳವ್ವ ಕಾಕುವಿನ ಫೋನು ಬಂತು. ಕಾಕು ನಮ್ಮ ಅಪ್ಪನ ಕಾಲದ ಗಿರಾಕಿ. ಬಸುರಿಯರಿಗೆ ಮಾಡುವ ಕುಬಸ ಅವರ ಮನೆಯಲ್ಲಿ ಯಾರದ್ದೇ ಇರಲಿ, ಉಡಿ ತುಂಬಲು ಕರದಂಟು ನಮ್ಮಲ್ಲಿಂದಲೇ ಹೋಗಬೇಕು. ಕಾಕುವಿನ ಸ್ವಂತ ಕುಬಸದಿಂದ ನಡೆದುಬಂದ ಪದ್ಧತಿ ಅದು.

“ತಮ್ಮಾ ಶಿವಾನಂದ, ಮೊಮ್ಮಗಳದು ಕುಬಸ ಇಟ್ಟೇವಿ. ಕರದಂಟು ಬರಕೋಪಾ.”

ಬೇರೆ ಯಾವನಾದರೂ ಬರೆದುಕೊಳ್ಳುತ್ತಿದ್ದ. ನಾನು ಈಗ ಆನ್‌ಲೈನ್ ವ್ಯಾಪಾರಸ್ಥ! “ಕಾಕು, ಫೋನಿನ ಮ್ಯಾಲ ಈಗ ತಗೊಳಂಗಿಲ್ರಿ. ವೆಬ್‌ಸೈಟಿನಾಗ ಹಾಕ್ರಿ.”

“ನನಗ ಅದೆಲ್ಲಾ ಎಲ್ಲಿ ತಿಳಿತೈತೋ?”

“ಮೊಮ್ಮಗಳಿಗೆ ಹೇಳ್ರಿ, ಹಾಕತಾಳ. ನಿಮ್ಮದ ಮೊದಲನೇ ಆರ್ಡರ್ ಆಗಲಿ!”

ಫೋನಿಟ್ಟ ಮೇಲೆ ಶೋಭಾ ಕೇಳಿದಳು: “ಬರಕೊಂಡಿದ್ರ ನಿಮ್ಮ ಗಂಟೇನ ಹೋಗತಿತ್ತು?” ವ್ಯಾಪಾರದ ದೂರದೃಷ್ಟಿ ಹೆಂಗಸರಿಗೆ ತಿಳಿಯುವುದಿಲ್ಲವೆಂದು ನಾನು ಮೀಸೆ ತಿರುವಿದೆ. ಈ ಮೀಸೆಯನ್ನು ದಯವಿಟ್ಟು ನೆನಪಿಡಿ. ಅದು ಅಪ್ಪನಿಂದ ನನಗೆ ಬಂದದ್ದು, ಒಂದು ಕೂದಲೂ ವ್ಯತ್ಯಾಸವಿಲ್ಲ.

ಆರ್ಡರ್ ಬರಲಿಲ್ಲ. ಕಾಕುವಿನದೂ ಬರಲಿಲ್ಲ, ಮತ್ತೊಬ್ಬರದೂ ಬರಲಿಲ್ಲ. ಅದರ ಬದಲು ಒಂದು ವಿಚಿತ್ರ ಶುರುವಾಯಿತು. ಹೊರಊರಿನಿಂದ ಫೋನು ಬರುತ್ತಿತ್ತು. ನಾನು ಎತ್ತಿ “ಹಲೋ” ಅಂದ ಕೂಡಲೇ ಆ ಕಡೆಯವರು “ಅಯ್ಯಯ್ಯೋ!” ಎಂದು ಇಟ್ಟುಬಿಡುತ್ತಿದ್ದರು. ದಡ್ಡಿಯಿಂದ ಒಬ್ಬರು, ಬೆಲ್ಲದ ಬಾಗೇವಾಡಿಯಿಂದ ಒಬ್ಬರು. ನೆಟ್‌ವರ್ಕ್ ಸರಿಯಿಲ್ಲವೆಂದು ನಾನು ಕಂಪನಿಯವರಿಗೆ ಶಾಪ ಹಾಕಿದೆ.

ಸುಜಾತಾ ಫೋನ್ ಮಾಡಿದಳು. “ಕಾಕಾರ, ಮಂದಿ ಬರಾಕತ್ತಾರ್ರಿ. ಖರೆ, ನಿಮ್ಮಪ್ಪಾರ ಫೋಟೋ ದಾಟಿ ಒಬ್ರೂ ಮುಂದ ಹೋಗವಲ್ರು. ಅಲ್ಲಿಂದ ಹೊಳ್ಳಿ ಹೋಗಾಕತ್ತಾರ.”

“ಭಕ್ತಿ ಅವಾ, ಭಕ್ತಿ! ನಮ್ಮಪ್ಪನ ಮಾರಿ ನೋಡಿ ಅಲ್ಲೇ ನಿಂತಿರತಾರ.”

ಅವಳು ಏನೋ ಹೇಳಲು ಹೋದಳು. ನಾನು ಕೇಳಿಸಿಕೊಳ್ಳಲಿಲ್ಲ, ದೊಡ್ಡ ವ್ಯಾಪಾರಸ್ಥರಿಗೆ ಪುರುಸೊತ್ತು ಕಡಿಮೆ.

ಮುಂದಿನ ಸಂತೆಯ ದಿನ ನಾನು ಒಳಗೆ ಕೊಬ್ಬರಿ ತುರಿಯುತ್ತಿದ್ದೆ. ಹೊರಗೆ ಹಣದ ಗಲ್ಲೆಯ ಹತ್ತಿರ ಶೋಭಾ ಇದ್ದಳು. ಇದ್ದಕ್ಕಿದ್ದ ಹಾಗೆ ಬಾಗಿಲಲ್ಲಿ ಅಳು ಎದ್ದಿತು.

“ಹೆಂಗಾತವ್ವಾ ಶೋಭಾ! ಇಷ್ಟು ಲಗೂನ ಹೋಗೂ ವಯಸ್ಸೇನ ಇದು! ಮೊನ್ನಿ ನನ್ನ ಕೂಡ ಫೋನಿನಾಗ ಎಷ್ಟ ಚೆಂದ ಮಾತಾಡಿದ್ದ ನನ್ನ ತಮ್ಮ!”

ಬಾಳವ್ವ ಕಾಕುವಿನ ದನಿ. ಯಾರು ಹೋದರಪ್ಪಾ ಎಂದು ತುರಿಮಣೆ ಬಿಟ್ಟು ಎದ್ದೆ. ಮೈಯೆಲ್ಲ, ಮೀಸೆಯೆಲ್ಲ ಕೊಬ್ಬರಿಯ ಬಿಳಿ ಪುಡಿ ಮೆತ್ತಿಕೊಂಡಿದ್ದಂತೆಯೇ ಹೊರಗೆ ಓಡಿದೆ. “ಯಾರು ಹೋದರ್ರಿ ಕಾಕು?”

ಕಾಕು ತಲೆಯೆತ್ತಿದರು. ನನ್ನನ್ನು ನೋಡಿದರು. ಆಮೇಲೆ ಅವರು ಹಾಕಿದ ಕೂಗಿಗೆ ಎದುರಿನ ಅಂಗಡಿಯ ಗಿರಾಕಿಗಳೆಲ್ಲ ರಸ್ತೆಗೆ ಬಂದರು. ನಮ್ಮ ಅಂಗಡಿಯ ಮುಂದೆ ಅಷ್ಟು ಜನ ಸೇರಿದ್ದು ವೆಬ್‌ಸೈಟ್ ಆದ ಮೇಲೆ ಅದೇ ಮೊದಲು!

ನೀರು ಕುಡಿಸಿ, ಬಾಕಿನ ಮೇಲೆ ಕೂರಿಸಿ, ನನ್ನ ಕೈ ಮುಟ್ಟಿ ಮುಟ್ಟಿ ನೋಡಿಸಿದ ಮೇಲೆ ವಿಷಯ ಹೊರಬಿತ್ತು. ಹುಕ್ಕೇರಿಯಲ್ಲಿ ಮೊಮ್ಮಗಳು ಮೊಬೈಲಿನಲ್ಲಿ ನಮ್ಮ ವೆಬ್‌ಸೈಟ್ ತೆರೆದಿದ್ದಾಳೆ. ಮೊದಲು ಬಹಳ ಹೊತ್ತು ಮುಗಿದ ಕೈ. ಆಮೇಲೆ ಭಜನೆಯ ತಾಳ, ನಿಂತು ನಿಂತು, ಒಂದೊಂದೇ ಪೆಟ್ಟು. ಆಮೇಲೆ ಮೇಲಿನಿಂದ ಕೆಳಗೆ ಫೋಟೋ ಇಳಿಯತೊಡಗಿದೆ. ಹಾರ ಬಂತು. ಹಣೆ ಬಂತು. ಮೀಸೆ ಬಂತು. ಅಲ್ಲಿಗೆ ನಿಂತಿತು. ಕೆಳಗಿನ ಅಪ್ಪನ ಹೆಸರು, ‘ಸಂಸ್ಥಾಪಕರು’ ಎಂಬ ಅಕ್ಷರ, ಜಲಪಾತ, ಕರದಂಟು ಎಲ್ಲ ದಾರಿಯಲ್ಲೇ ಇದ್ದವು. ನಡುವೆ ಒಂದು ಚಕ್ರ ತಿರುಗುತ್ತಿತ್ತು.

“ನಿಮ್ಮಪ್ಪ ಹೋಗಿ ಎಷ್ಟೋ ವರ್ಷಾತು,” ಎಂದರು ಕಾಕು ಕಣ್ಣೊರೆಸಿಕೊಳ್ಳುತ್ತ. “ಈಗ ಹೊಸಾ ಹಾರ ಹಾಕಿ ಭಜನಿ ಹಚ್ಚ್ಯಾರಂದ್ರ ಮಗನ ಹೋಗಿರಬೇಕ ಅಂದ್ಕೊಂಡ್ವಿ. ಮೀಸಿನೂ ನಿನ್ನದ. ನಾಕ ಮಂದಿಗೆ ಹೇಳಿದ್ವಿ. ಅವರು ಶೋಭಾನ ಮಾತಾಡಸಾಕ ಫೋನ್ ಮಾಡಿದ್ರ ನಿನ್ನ ದನಿ ಬಂತಂತ! ದೆವ್ವಂತ ಹೆದರಿ ಫೋನ್ ಇಟ್ಟಬಿಟ್ರಂತ.”

ಹೀಗೆ ನಾನು ಅಧಿಕೃತವಾಗಿ ತೀರಿಕೊಂಡಿದ್ದೆ, ಹುಕ್ಕೇರಿಯಿಂದ ದಡ್ಡಿಯ ತನಕ!

ಶೋಭಾ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಾನೂ ನಕ್ಕೆ. ಅಷ್ಟರಲ್ಲಿ ಕಾಕುವಿನ ಕೈಚೀಲದಲ್ಲಿ ಇಣುಕುತ್ತಿದ್ದ ಕೆಂಪು ಡಬ್ಬಿಗಳು ಕಂಡವು. ಎದುರಿನ ಅಂಗಡಿಯವು.

ಕಾಕು ಚೀಲವನ್ನು ಸೆರಗಿನಿಂದ ಮುಚ್ಚಿದರು. “ಸೂತಕದ ಮನಿಯಿಂದ ಕುಬಸಕ್ಕ ಹೆಂಗ ತರೂದೋ ತಮ್ಮಾ? ಇಲ್ಲಿಗೆ ಬಂದಮ್ಯಾಲ ಮೈ ತೊಳಕೊಳ್ಳೂತನಾ ಏನೂ ಮುಟ್ಟಾಕ ಬರಂಗಿಲ್ಲ. ಅದಕ್ಕ ಮೊದಲ ಅಲ್ಲಿ ತಗೊಂಡೆ. ಕುಬಸಕ್ಕಂತ ತಗೊಂಡದ್ದು, ಹೊಳ್ಳಿ ಕೊಡಾಕೂ ಬರಂಗಿಲ್ಲ.”

ನಗು ನಿಂತಿತು. ಸತ್ತೆನೆಂಬ ಸುದ್ದಿಗಿಂತ ಆ ಡಬ್ಬಿಗಳು ನನಗೆ ಹೆಚ್ಚು ನೋವು ಕೊಟ್ಟವು. ಅಪ್ಪನ ಕೈಯಿಂದ ಶುರುವಾದದ್ದು ನನ್ನ ಕೈಯಲ್ಲಿ, ಅದೂ ಅಪ್ಪನ ಫೋಟೋದಿಂದಲೇ, ಕಡಿದುಹೋಗಿತ್ತು. ಸಮರ್ಥನೆಗೆಂದು ಹೇಳಿದೆ: “ಕಾಕು, ಅಪ್ಪನ ಅಂಗಡಿಯಂಗ ಇರಲಿ ಅಂತ ಮಾಡಿಸಿದ್ದೆ. ಅಲ್ಲಿನೂ ಮಂದಿ ತಾಸುಗಟ್ಟಲೆ ಕಾಯತಿದ್ರಲ್ರಿ?”

ಕಾಕು ನನ್ನನ್ನು ಅಚ್ಚರಿಯಿಂದ ನೋಡಿದರು. “ಕಾಯತಿದ್ವಿ? ಯಾರ ಕಾಯತಿದ್ರೋ? ನಾ ಚಪ್ಪಲಿ ಬಿಡೂಕಿಂತ ಮೊದಲ ನಿಮ್ಮಪ್ಪ ಕೈಯಾಗ ಒಂದ ತುಂಡ ಕರದಂಟು ಇಡತಿದ್ದ. ‘ಮೊದಲ ಬಾಯಾಗ ಹಾಕ್ಕೋ ತಂಗಿ’ ಅಂತಿದ್ದ. ಅದು ಬಾಯಾಗ ಕರಗೂತನಾ ಕುಂತ ಮಾತಾಡತಿದ್ವಿ. ಬಾಯಾಗ ಇದ್ದಮ್ಯಾಲ ಎದ್ದ ಹೋಗಾಕ ಮನಸ್ಸ ಬರತಿತ್ತೇನ?”

ಬಾಕು ನೆನಪಿತ್ತು, ತಂಬಿಗೆ ನೆನಪಿತ್ತು, ದಾರದ ಉಂಡೆ ನೆನಪಿತ್ತು. ಆ ಒಂದು ತುಂಡು ಮಾತ್ರ ನನಗೆ ಮರೆತೇಹೋಗಿತ್ತು. ಗಲ್ಲೆಯ ಮೂಲೆಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಮುರಿದಿಟ್ಟ ತುಂಡುಗಳು, ಅಪ್ಪನ ಎಣ್ಣೆಗೈ ಈಗ ಕಣ್ಣಿಗೆ ಕಟ್ಟಿದವು. ಕಣ್ಣೊರೆಸಿಕೊಂಡೆ. ಕೊಬ್ಬರಿ ಪುಡಿ ಬಿತ್ತೆಂದು ಸುಳ್ಳು ಹೇಳಿದೆ.

ಅವತ್ತೇ ಸುಜಾತಾಳಿಗೆ ಫೋನ್ ಮಾಡಿ, “ನಮ್ಮಪ್ಪನ್ನ ಸಣ್ಣ ಮಾಡವಾ,” ಎಂದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡ ಗುಣ. ಈಗ ವೆಬ್‌ಸೈಟ್ ಒತ್ತಿದ ತಕ್ಷಣ ಕರದಂಟಿನ ತುಂಡು ಕಾಣುತ್ತದೆ, ಅಂಗೈಯ ಮೇಲೆ ಇಟ್ಟದ್ದು. ಅಂಗೈ ಶೋಭಾಳದು. ನನ್ನ ಕೈಗಳನ್ನು ಉಂಗುರ ಸಮೇತ ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಅಪ್ಪ ಕೆಳಗೆ ಹಾರವಿಲ್ಲದೆ ಸಣ್ಣಗೆ ಕುಳಿತಿದ್ದಾನೆ, ಬೇಕಾದವರು ಹೋಗಿ ಮಾತಾಡಿಸಬಹುದು. ಅಂಗಡಿಯಲ್ಲೂ ಹಿತ್ತಾಳೆ ತಟ್ಟೆ ಮತ್ತೆ ಗಲ್ಲೆಯ ಮೇಲೆ ಬಂದಿದೆ.

ಮೊದಲನೆಯ ಆರ್ಡರ್ ಹುಕ್ಕೇರಿಯಿಂದಲೇ ಬಂತು. ಕುಬಸ ಎದುರಿನವನ ಪಾಲಾಗಿತ್ತು, ಆದರೆ ಬಾಣಂತಿಗೆ ತಿನ್ನಿಸುವ ಕರದಂಟು ನಮ್ಮದೇ ಬೇಕೆಂದು ಕಾಕು ಹಟ ಹಿಡಿದಿದ್ದರಂತೆ. ಮಾಲು ತಲುಪಿದ ಮೇಲೆ ಮೊಮ್ಮಗಳು ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ವೆಬ್‌ಸೈಟಿನಲ್ಲಿ ಬರೆದು, ಐದಕ್ಕೈದು ಸ್ಟಾರುಗಳನ್ನೂ ಕೊಟ್ಟಿದ್ದಾಳೆ:

‘ಮಾಲು ಭಾಳ ಚಲೋ ಐತಿ. ಮಾಲಕರು ಜೀವಂತ ಅದಾರು, ನಾವು ಹೋಗಿ ಮುಟ್ಟಿ ನೋಡೇವಿ.’

ತೆಗೆಯಲೇ ಎಂದು ಸುಜಾತಾ ಕೇಳಿದಳು. ಬೇಡವೆಂದೆ. ಇಡೀ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಬೇಗ ತೆರೆದುಕೊಳ್ಳುವುದು ಆ ಒಂದು ಸಾಲೇ!